ನಂದಿಬೆಟ್ಟಕ್ಕೆ ಹದಿಮೂರು ಸೈಕಲ್

ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ನಂದಿಬೆಟ್ಟವನ್ನು ನೋಡದವರು ನಮ್ಮ ಕಡೆ ಕಡಿಮೆ. ಬೆಳಗಿನ ಜಾವ ಕಾರಿನಲ್ಲಿ ಹೋಗಿ, ಮಂಜು ನೋಡಿ, ಫೋಟೊ ತೆಗೆದುಕೊಂಡು, ಹತ್ತು ಗಂಟೆಗೆಲ್ಲ ಮನೆಗೆ ಬಂದು ದೋಸೆ ತಿನ್ನುವವರೇ ಹೆಚ್ಚು. ಅದೇ ಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತಿದರೆ ಹೇಗಿರುತ್ತದೆ? ನಮ್ಮ ಬಡಾವಣೆಯ ಹದಿಮೂರು ಮಂದಿ ಕಳೆದ ಜನವರಿಯ ಒಂದು ಭಾನುವಾರ ಅದನ್ನೇ ನೋಡಲು ಹೊರಟೆವು.

ಹದಿಮೂರು ಮಂದಿ ಅಂದರೆ ಪೈಲ್ವಾನರ ತಂಡ ಅಂದುಕೊಳ್ಳಬೇಡಿ. ಹೈಸ್ಕೂಲಿನ ಇಬ್ಬರು ಶಿಕ್ಷಕರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡ–ಹೆಂಡತಿ, ಮೂವರು ಕಾಲೇಜು ಹುಡುಗರು, ನಾಲ್ವರು ಶಾಲಾ ಮಕ್ಕಳು, ನಾನು. ಹದಿಮೂರನೆಯವರು ಅರವತ್ತೇಳು ವರ್ಷದ ಒಬ್ಬ ತಾತ. ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ನಂದಿಬೆಟ್ಟದ ಬುಡದ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ಸೈಕಲ್ ಮೇಲೆ ಕಾಗದ, ಮನಿಯಾರ್ಡರ್ ಹಂಚಿದ್ದಾರೆ. ದಿನಾ ಬೆಟ್ಟ ನೋಡುತ್ತಲೇ ಸೈಕಲ್ ತುಳಿದರೂ ಒಮ್ಮೆಯೂ ಸೈಕಲ್ಲಿನಲ್ಲಿ ಬೆಟ್ಟ ಹತ್ತಿರಲಿಲ್ಲ.

"ಯಾಕೆ ತಾತ?" ಎಂದು ಮಕ್ಕಳು ಕೇಳಿದರೆ, "ಬೆಟ್ಟ ನನ್ನ ಬೀಟಿಗೆ ಬರ್ತಿರಲಿಲ್ಲ ಕಣ್ರೋ. ಕಾಗದ ಇಲ್ದೆ ಮೇಲೆ ಹೋಗಿ ಏನು ಮಾಡ್ಲಿ?" ಎಂದರು.

ಈಗ ಆರನೇ ತರಗತಿಯ ಮೊಮ್ಮಗಳು ಹೊರಟಿದ್ದಳು. ಅವಳ ನೆಪದಲ್ಲಿ ತಾತನೂ ಹೊರಟರು. ಮಗನಿಗೆ ಅಷ್ಟು ಮನಸ್ಸಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿ, "ಸುಸ್ತಾದ್ರೆ ಸುಮ್ನೆ ಗಾಡಿ ಹತ್ತಿಬಿಡಿ ಅಪ್ಪ" ಎಂದು ಹತ್ತು ಸಲ ಹೇಳಿ ಕಳಿಸಿದ್ದರು. ಗಾಡಿ ಅಂದರೆ ನಮ್ಮ ಹಿಂದೆ ಬರುತ್ತಿದ್ದ ಲಗೇಜ್ ಆಟೊ. ನೀರಿನ ಕ್ಯಾನು, ಬಾಳೆಹಣ್ಣು, ಕಿತ್ತಳೆ, ಪಂಕ್ಚರ್ ಸಾಮಾನು, ಪಂಪು ಎಲ್ಲವೂ ಅದರಲ್ಲಿದ್ದವು.

ಬಾಲಂಗೋಚಿಯ ನಿಯಮ

ಬೆಳಿಗ್ಗೆ ಆರೂಕಾಲಕ್ಕೆ ದೇವನಹಳ್ಳಿ ಕೋಟೆಯ ಮುಂದೆ ಸೇರಿದೆವು. ಟಿಪ್ಪು ಸುಲ್ತಾನ್ ಹುಟ್ಟಿದ ಊರಿದು. ಇಲ್ಲಿಯ ಚಕ್ಕೋತ ಹಣ್ಣಿಗೂ ಹೆಸರು. ಇನ್ನೂ ಕತ್ತಲೆಯಿತ್ತು, ಬಾಯಿಂದ ಹೊಗೆ ಬರುವಷ್ಟು ಚಳಿ. ಪ್ರತಿ ಸೈಕಲ್ಲಿನ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಹಚ್ಚಿಕೊಂಡೆವು.

ಹೊರಡುವ ಮುನ್ನ ಶಿಕ್ಷಕರೊಬ್ಬರು ನಿಯಮ ಹೇಳಿದರು. ಒಬ್ಬರ ಹಿಂದೆ ಒಬ್ಬರು, ನಡುವೆ ಎರಡು ಸೈಕಲ್ಲಿನಷ್ಟು ಅಂತರ. ಗುಂಡಿ ಕಂಡರೆ ಮುಂದಿನವರು ಕೂಗಿ ಹಿಂದಿನವರಿಗೆ ತಿಳಿಸಬೇಕು. ಕಾಲೇಜು ಹುಡುಗರಲ್ಲಿ ಒಬ್ಬ ಎಲ್ಲರಿಗಿಂತ ಹಿಂದೆಯೇ ಇರಬೇಕು. ಅವನಿಗೆ ಮಕ್ಕಳು ಕೂಡಲೇ "ಬಾಲಂಗೋಚಿ" ಎಂದು ಹೆಸರಿಟ್ಟರು. ಗಾಳಿಪಟಕ್ಕೆ ಬಾಲಂಗೋಚಿ ಇಲ್ಲದಿದ್ದರೆ ಲಾಗ ಹೊಡೆಯುತ್ತದಲ್ಲ, ಹಾಗೆ! ಕೊನೆಯ ನಿಯಮವೇ ಮುಖ್ಯವಾದದ್ದು: ತಿರುವಿನಲ್ಲಿ ನಿಂತ ಮೇಲೆ ಬಾಲಂಗೋಚಿ ಬರುವವರೆಗೆ ಯಾರೂ ಮುಂದೆ ಹೊರಡುವಂತಿಲ್ಲ.

ಹೆದ್ದಾರಿ ಬಿಟ್ಟು ನಂದಿಯ ಕಡೆಗೆ ತಿರುಗಿದ ಮೇಲೆ ಹೊತ್ತು ಮೂಡಿತು. ರಸ್ತೆಯ ಎರಡೂ ಕಡೆ ದ್ರಾಕ್ಷಿ ಚಪ್ಪರ, ಗುಲಾಬಿ ತೋಟ, ಹಿಪ್ಪುನೇರಳೆ ಹೊಲ. ಒಂದು ಮನೆಯ ಮುಂದೆ ಬಿದಿರಿನ ಚಂದ್ರಂಕಿಗಳನ್ನು ಬಿಸಿಲಿಗೆ ಒರಗಿಸಿದ್ದರು. "ಇದೇನು, ಇಷ್ಟು ದೊಡ್ಡ ತಟ್ಟೆ?" ಎಂದು ಮಕ್ಕಳು ಸೈಕಲ್ ನಿಲ್ಲಿಸಿಯೇಬಿಟ್ಟರು. ಹಣ್ಣಾದ ರೇಷ್ಮೆ ಹುಳುಗಳನ್ನು ಇದರ ಮೇಲೆ ಬಿಟ್ಟರೆ ಈ ಸುರುಳಿಗಳ ಸಂದಿಯಲ್ಲಿ ಗೂಡು ಕಟ್ಟುತ್ತವೆ ಎಂದು ಮನೆಯಾಕೆ ತೋರಿಸಿದರು. ತಾತನ ಮುಖ ನೋಡಿ, "ಪೋಸ್ಟಣ್ಣ ಅಲ್ವೇ?" ಎಂದು ಗುರುತು ಹಿಡಿದರು. ಅಲ್ಲಿಗೆ ನಮಗೆಲ್ಲ ಒಂದೊಂದು ಲೋಟ ಕಾಫಿ ಸಿಕ್ಕಿತು. ಕಾರಿನಲ್ಲಿ ಹೋಗಿದ್ದರೆ ಆ ಮನೆ ಕಣ್ಣಿಗೆ ಬೀಳುವ ಮೊದಲೇ ಹಿಂದೆ ಸರಿದಿರುತ್ತಿತ್ತು.

ಹಲ್ಲು ಎಣಿಸಿದ ಕಥೆ

ಎಂಟು ಗಂಟೆಗೆ ಬೆಟ್ಟದ ಬುಡ ಸೇರಿದೆವು. ಅವರೆಕಾಳಿನ ಕಾಲ, ರಸ್ತೆಬದಿಯ ಹೋಟೆಲಿನಲ್ಲಿ ಅವರೆಕಾಳು ಉಪ್ಪಿಟ್ಟು ಹಬೆಯಾಡುತ್ತಿತ್ತು. ತಿಂದು ಕುಳಿತಾಗ ಒಬ್ಬ ಹುಡುಗ ಕೇಳಿದ: "ತಾತನ ಸೈಕಲ್ಲಿಗೆ ಗೇರೇ ಇಲ್ಲ. ಹೇಗೆ ಹತ್ತುತ್ತಾರೆ?"

ಉತ್ತರಕ್ಕಾಗಿ ಶಿಕ್ಷಕರು ಮಕ್ಕಳಿಂದಲೇ ಹಲ್ಲು ಎಣಿಸಿಸಿದರು. ತಾತನ ಹಳೆಯ ಕಪ್ಪು ಸೈಕಲ್ಲಿನ ಪೆಡಲ್ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಅಂದರೆ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಸುಮಾರು ಎರಡೂವರೆ ಸುತ್ತು ಬರುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಲಾಭ, ಏರಿನಲ್ಲಿ ಕಾಲಿಗೆ ಬಲು ಭಾರ. ಮೊಮ್ಮಗಳ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಚಕ್ರಕ್ಕೂ ಹಿಂದಿನ ದೊಡ್ಡ ಚಕ್ರಕ್ಕೂ ಹಲ್ಲು ಹೆಚ್ಚುಕಡಿಮೆ ಸಮ. ಪೆಡಲ್ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು. ನಿಧಾನವಾದರೂ ಹಗುರ. ಗೇರು ಬೆಟ್ಟವನ್ನು ಚಿಕ್ಕದು ಮಾಡುವುದಿಲ್ಲ, ಅದನ್ನು ಸಣ್ಣ ಸಣ್ಣ ತುತ್ತು ಮಾಡಿ ಕೊಡುತ್ತದೆ ಅಷ್ಟೆ.

ನಂದಿಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 1,478 ಮೀಟರ್. ಬುಡದ ಬಯಲೇ 900 ಮೀಟರಿಗೂ ಮೇಲಿದೆ. ಉಳಿದ ಸುಮಾರು ಅರ್ಧ ಕಿಲೋಮೀಟರ್ ಎತ್ತರವನ್ನು ಸುಮಾರು 8 ಕಿ.ಮೀ. ರಸ್ತೆಯಲ್ಲಿ ಸುತ್ತಿ ಸುತ್ತಿ ಹತ್ತಬೇಕು. ಲೆಕ್ಕ ಹಾಕಿದರೆ, ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಎರಡು ಮಹಡಿಯಷ್ಟು ಮೇಲೇರಿರುತ್ತೇವೆ!

ಏರು ಶುರುವಾದೊಡನೆ ಮಾತು ನಿಂತಿತು. ಉಸಿರಿನ ಸದ್ದು, ಚೈನಿನ ಕಿರಕಿರ ಮಾತ್ರ. ಪ್ರತಿ ಕಿಲೋಮೀಟರಿಗೊಮ್ಮೆ ತಿರುವಿನಲ್ಲಿ ನಿಂತು ಕಿತ್ತಳೆ ತೊಳೆ ಹಂಚಿಕೊಂಡೆವು. ತಿರುವುಗಳ ಎಣಿಕೆ ಇಬ್ಬರು ಮಕ್ಕಳ ಕೆಲಸ. ಕೊನೆಗೆ ಅವನ ಲೆಕ್ಕ 37, ಇವಳ ಲೆಕ್ಕ 41. ಯಾವುದನ್ನು ತಿರುವು ಎನ್ನಬೇಕು, ಯಾವುದನ್ನು ಬರೀ ಸೊಟ್ಟ ಎನ್ನಬೇಕು ಎಂಬ ಜಗಳ ಇನ್ನೂ ಮುಗಿದಿಲ್ಲ.

ಮೊದಲ ನಾಲ್ಕು ಕಿಲೋಮೀಟರ್ ತಾತ ಇಳಿಯಲಿಲ್ಲ. ಸೀಟಿನಿಂದ ಎದ್ದು, ಒಂದೊಂದು ಪೆಡಲಿನ ಮೇಲೂ ಮೈಭಾರ ಹಾಕಿ ತುಳಿದರು. ಐದನೆಯದರಲ್ಲಿ ಇಳಿದು ತಳ್ಳತೊಡಗಿದರು. ಅಂಗಿಯ ಬೆನ್ನು ಪೂರ್ತಿ ಒದ್ದೆ. ಆಟೊದವನು ಪಕ್ಕಕ್ಕೆ ಬಂದು, "ಹಾಕ್ಲಾ ತಾತ ಸೈಕಲ್ಲು?" ಎಂದ. ಅವರು ಕೈ ಅಲ್ಲಾಡಿಸಿದರು. ಬಾಲಂಗೋಚಿ ಹುಡುಗ ತನ್ನ ಗೇರಿನ ಸೈಕಲ್ ಕೊಡಲು ಮುಂದಾದ.

"ಬೇಡಪ್ಪ. ಈ ಸೈಕಲ್ಲಿಗೂ ಬೆಟ್ಟ ತೋರಿಸ್ಬೇಕು. ನನ್ನ ಜೊತೆ ಅಷ್ಟು ವರ್ಷ ಕೆಳಗಡೇನೇ ತಿರುಗಿದೆ."

ಮೊಮ್ಮಗಳು ಅಷ್ಟು ಹೊತ್ತಿಗೆ ಮುಂದಿನ ತಿರುವಿನಲ್ಲಿದ್ದಳು. ಅವಳಿಗೆ ಎಲ್ಲ ಮಕ್ಕಳಿಗಿಂತ ಮೊದಲು ತುದಿ ಮುಟ್ಟುವ ಆಸೆ ಇದ್ದದ್ದು ನಮಗೆಲ್ಲ ಗೊತ್ತು. ಒಂದು ಕ್ಷಣ ಮೇಲೆ ನೋಡಿದಳು, ಒಂದು ಕ್ಷಣ ಕೆಳಗೆ ನೋಡಿದಳು. ಆಮೇಲೆ ಸೈಕಲ್ ತಿರುಗಿಸಿ ಇಳಿದು ಬಂದು, ತಾತನ ಪಕ್ಕದಲ್ಲಿ ತಾನೂ ತಳ್ಳಿಕೊಂಡು ನಡೆದಳು. "ನೀನು ತುಳಿಯಮ್ಮ" ಎಂದರೆ, "ನಂಗೂ ಕಾಲು ನೋವು ತಾತ" ಎಂದಳು. ಅದು ಸುಳ್ಳು ಎಂದು ನಮಗೂ ಗೊತ್ತಿತ್ತು, ತಾತನಿಗೂ ಗೊತ್ತಿತ್ತು.

ಒಂದೂವರೆ ಕಿಲೋಮೀಟರ್ ಇಬ್ಬರೂ ಹಾಗೇ ನಡೆದರು. ಕೊನೆಯ ತಿರುವು ಕಂಡಾಗ ತಾತ ಪಂಚೆ ಎತ್ತಿ ಕಟ್ಟಿ ಮತ್ತೆ ಸೈಕಲ್ ಹತ್ತಿದರು. ನಾವು ಹನ್ನೊಂದು ಮಂದಿ ಬಾಗಿಲ ಬಳಿ ಕಾಯುತ್ತಿದ್ದೆವು. ಗಂಟೆ ಹತ್ತೂಕಾಲು. ತಾತ ಬೆಲ್ ಬಾರಿಸಿಕೊಂಡೇ ಬಂದರು, ಮನೆ ಮುಂದೆ ಕಾಗದ ತಂದಾಗ ಬಾರಿಸುತ್ತಿದ್ದ ಹಾಗೆಯೇ.

ಮೇಲಿನಿಂದ ಕಂಡ ಬೀಟು

ನಂದಿಬೆಟ್ಟದ ಮೇಲೆ ನೋಡುವುದು ಬಹಳಷ್ಟಿದೆ. ಟಿಪ್ಪುವಿನ ಕಾಲದ ಕೋಟೆ, ಯೋಗನಂದೀಶ್ವರ ದೇವಸ್ಥಾನ, ಅಮೃತ ಸರೋವರ. ಕಮಿಷನರ್ ಕಬ್ಬನ್ ಬೇಸಿಗೆ ಕಳೆಯುತ್ತಿದ್ದ ಮನೆ ಈಗ ನೆಹರೂ ನಿಲಯ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಈ ಬೆಟ್ಟದ ಮೇಲೆ ಕೆಲವು ವಾರ ವಿಶ್ರಾಂತಿ ಪಡೆದಿದ್ದರು. 1986ರಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಬಂದ ನಾಯಕರೂ ಇಲ್ಲಿಗೆ ಬಂದಿದ್ದರು. ಕೋತಿಗಳಂತೂ ಎಲ್ಲ ಕಾಲಕ್ಕೂ ಇವೆ. ನಮ್ಮ ಬಾಳೆಹಣ್ಣಿನ ಚಿಪ್ಪಿನಲ್ಲಿ ಅರ್ಧ ಅವಕ್ಕೇ ಸಂದಿತು.

ಮಂಜು ಸರಿದ ಮೇಲೆ ಭೂಗೋಳದ ಶಿಕ್ಷಕರು ನೆಲದ ಮೇಲೆ ಕಡ್ಡಿಯಿಂದ ನಕ್ಷೆ ಬರೆದರು. ಈ ಬೆಟ್ಟಸಾಲು ನದಿಗಳ ತವರು. ನಂದಿಯಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಉತ್ತರ ಪಿನಾಕಿನಿ ಆಂಧ್ರಕ್ಕೆ ಹರಿದು ನೆಲ್ಲೂರಿನ ಬಳಿ ಸಮುದ್ರ ಮುಟ್ಟುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆ ಹಾದು ತಮಿಳುನಾಡಿಗೆ ಹೋಗಿ ಕಡಲೂರಿನ ಬಳಿ ಕಡಲು ಸೇರುತ್ತದೆ. ಒಂದೇ ಮೋಡದ ಮಳೆ ಈ ಗುಡ್ಡಗಳ ಯಾವ ಮಗ್ಗುಲಿಗೆ ಬಿತ್ತು ಎಂಬುದರ ಮೇಲೆ ಅದು ಮುಟ್ಟುವ ಊರು ಬೇರೆ! ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದೂ ಅರ್ಕಾವತಿಗೆ ಕಟ್ಟಿದ ಹೆಸರಘಟ್ಟ ಕೆರೆಯಿಂದ, 1890ರ ದಶಕದಲ್ಲಿ.

"ಮಳೆಗಾಲದಲ್ಲಿ ಹಳ್ಳ ಬಂದ್ರೆ ಸೈಕಲ್ಲು ಹೆಗಲ ಮೇಲೆ, ಕಾಗದದ ಚೀಲ ತಲೆ ಮೇಲೆ ಇಟ್ಕೊಂಡು ದಾಟ್ತಿದ್ದೆ. ಈಗ ಆ ಹಳ್ಳ ಎಲ್ಲಿದೆ ಅಂತ ತೋರಿಸ್ಬೇಕು ಅಂದ್ರೂ ಕಾಣಲ್ಲ" ಎಂದರು ತಾತ. ಬೆಟ್ಟದ ಸುತ್ತ ಕಾಲುವೆಗಳು ಮುಚ್ಚಿಹೋದರೆ, ಕೊಳವೆಬಾವಿಗಳು ಆಳಕ್ಕೆ ಇಳಿದರೆ, ತವರಿನಲ್ಲೇ ನದಿ ಬಡವಾಗುತ್ತದೆ. ಮಕ್ಕಳು ಸುಮ್ಮನೆ ಆ ನಕ್ಷೆಯನ್ನೇ ನೋಡುತ್ತಿದ್ದರು.

ತಾತ ಮೆಲ್ಲನೆ ಎದ್ದು ಕಂಬಿಯ ಬಳಿ ಹೋದರು. ಕೆಳಗೆ ಹೊಲಗಳು, ಕೆರೆಗಳು, ದಾರದಂಥ ರಸ್ತೆಗಳು. ಮೊಮ್ಮಗಳಿಗೆ ಬೆರಳು ಮಾಡಿ ತೋರಿಸತೊಡಗಿದರು. ಅಗೋ ಆ ಕೆರೆ ಏರಿಯ ಮೇಲೆ ಹೋದರೆ ಮೊದಲ ಊರು. ಅಲ್ಲಿ ಅರಳಿಮರ, ಅಲ್ಲೊಬ್ಬ ಅಜ್ಜಿ, ಮಗನ ಮನಿಯಾರ್ಡರ್ ಬಂದ ದಿನ ತಪ್ಪದೆ ಮಜ್ಜಿಗೆ ಕೊಡುತ್ತಿದ್ದಳು. ಅಲ್ಲಿಂದ ಗುಡ್ಡದ ಪಕ್ಕಕ್ಕೆ ಎರಡನೆಯ ಊರು, ಆ ಬಿಳಿ ಗೋಪುರದ ಹತ್ತಿರ ಮೂರನೆಯದು. ಎಲ್ಲ ತೋರಿಸಿ ಮುಗಿದ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಮೂವತ್ತೆರಡು ವರ್ಷ ಸುತ್ತಿದೆ. ಇಷ್ಟೇನಾ ನನ್ನ ಬೀಟು!" ಎಂದರು.

ಮೊಮ್ಮಗಳು ಅದೇ ಕಡೆ ನೋಡುತ್ತಿದ್ದಳು. "ಅಷ್ಟೂ ದೂರ ದಿನಾ ಹೋಗ್ತಿದ್ಯಾ ತಾತ?" ಎಂದಳು.

ಇಳಿಜಾರು, ಕಲ್ಯಾಣಿ, ಮುದ್ದೇನಹಳ್ಳಿ

ಇಳಿಯುವಾಗ ತಾತನ ಸೈಕಲ್ ಆಟೊ ಹತ್ತಿತು. ಹಳೆಯ ಕಂಬಿ ಬ್ರೇಕನ್ನು ಇಷ್ಟುದ್ದದ ಇಳಿಜಾರಿನಲ್ಲಿ ನಂಬುವಂತಿಲ್ಲ. "ಹತ್ತಿದ್ದು ನಾನು. ಇಳಿಸೋದು ಯಾರಾದ್ರೇನು!" ಎಂದು ನಗುತ್ತ ತಾತ ಡ್ರೈವರ್ ಪಕ್ಕ ಕುಳಿತರು. ಉಳಿದವರು ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯುತ್ತ, ತಿರುವಿಗೆ ಮೊದಲೇ ವೇಗ ತಗ್ಗಿಸುತ್ತ ಇಳಿದೆವು.

ಮಧ್ಯಾಹ್ನ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. 9ನೇ ಶತಮಾನದಷ್ಟು ಹಳೆಯ ಗುಡಿಯಿದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಕಟ್ಟಡ ಸೇರಿಸಿದ್ದಾರೆ. ಅರುಣಾಚಲೇಶ್ವರನಲ್ಲಿ ಶಿವನ ಬಾಲ್ಯ, ಭೋಗನಂದೀಶ್ವರನಲ್ಲಿ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನಲ್ಲಿ ವೈರಾಗ್ಯ ಎಂಬ ನಂಬಿಕೆ ಇದೆ. ಮೆಟ್ಟಿಲು ಮೆಟ್ಟಿಲಾದ ಕಲ್ಯಾಣಿಯ ಸುತ್ತಿನ ಮಂಟಪದ ನೆರಳಿನಲ್ಲಿ ಕುಳಿತು ಕಾಲು ಚಾಚಿದ್ದು ಆ ದಿನದ ದೊಡ್ಡ ಸುಖ. ಊಟ ಮಾತ್ರ ಹೊರಗೆ, ಹುಣಸೆಮರದ ಕೆಳಗೆ: ಚಪಾತಿ, ಪಲ್ಯ, ಮೊಸರನ್ನ.

ಅಲ್ಲಿಂದ ಬಯಲ ದಾರಿಯಲ್ಲಿ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆ ಈಗ ಸಂಗ್ರಹಾಲಯ, ಸಮಾಧಿಯೂ ಇಲ್ಲೇ ಇದೆ. ನೂರು ವರ್ಷ ದಾಟಿ ಬಾಳಿ 1962ರಲ್ಲಿ ತೀರಿಕೊಂಡ ಆ ಎಂಜಿನಿಯರ್ ಜೀವನವಿಡೀ ಯೋಚಿಸಿದ್ದು ನೀರನ್ನು ಹಿಡಿದಿಡುವುದು ಹೇಗೆ ಎಂದು. ನೀರು ನಿಲ್ಲದೆ ಹರಿದುಹೋಗುವ ಈ ಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಆ ಯೋಚನೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ ಎನ್ನಿಸಿತು. ಸಂಜೆ ಚಿಕ್ಕಬಳ್ಳಾಪುರದಲ್ಲಿ ಸೈಕಲ್ಲುಗಳನ್ನು ದೊಡ್ಡ ಲಗೇಜ್ ಗಾಡಿಗೆ ಏರಿಸಿ, ನಾವು ಬಸ್ಸು ಹತ್ತಿದೆವು. ಬಸ್ಸು ಹೊರಡುವ ಮೊದಲೇ ಮಕ್ಕಳೆಲ್ಲ ನಿದ್ದೆ.

ನೀವು ಹೋಗುವುದಾದರೆ

ನವೆಂಬರಿನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಭಾನುವಾರ ಬೆಟ್ಟಕ್ಕೆ ವಾಹನ ಹೆಚ್ಚು, ಆದ್ದರಿಂದ ವಾರದ ನಡುವಿನ ರಜಾದಿನವಾದರೆ ಮಕ್ಕಳೊಂದಿಗೆ ಹೋಗಲು ಇನ್ನೂ ಮೇಲು. ಹೆಲ್ಮೆಟ್, ದೀಪ, ಪಂಕ್ಚರ್ ಸಾಮಾನು ಮರೆಯಬೇಡಿ. ಹಿಂದಿನ ದಿನವೇ ಬ್ರೇಕು, ಚೈನು, ಗಾಳಿ ನೋಡಿಕೊಳ್ಳಿ. ಕಿತ್ತಳೆ ಸಿಪ್ಪೆಯನ್ನೂ ಚೀಲಕ್ಕೆ ಹಾಕಿಕೊಂಡು ಬನ್ನಿ. ಹಿರಿಯರು ವೈದ್ಯರನ್ನು ಕೇಳಿಯೇ ಹೊರಡಿ.

ಮಂಡಿನೋವಿದೆ, ಸೈಕಲ್ ತುಳಿಯಲಾಗದು ಎನ್ನುವ ಅಜ್ಜ–ಅಜ್ಜಿಯರು ಮನೆಯಲ್ಲೇ ಉಳಿಯಬೇಡಿ. ಹಿಂದೆ ಬರುವ ಗಾಡಿಯಲ್ಲಿ ನಿಮಗೂ ಜಾಗವಿದೆ. ತಿರುವು ತಿರುವಿನಲ್ಲಿ ಕಿತ್ತಳೆ ಸುಲಿದುಕೊಡಲು, ಆ ಬಯಲಿನಲ್ಲಿ ಹಿಂದೆ ಎಲ್ಲಿ ಹಳ್ಳ ಹರಿಯುತ್ತಿತ್ತು ಎಂದು ತೋರಿಸಲು ಒಬ್ಬರು ಬೇಕೇ ಬೇಕು.