ಎರಡು ಕೋಟಿ ವೋನ್, ಅಬ್ಬಾ ಅವರ ಪಾಸ್‌ಬುಕ್

ಕೊರಿಯಾದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ ಎಂದು ಹೇಳಿದ ಕೂಡಲೇ ಕ್ಲಾಸಿನಲ್ಲಿ ಬರುವ ಮೊದಲ ಪ್ರಶ್ನೆ, "ಬಿಟಿಎಸ್ ನೋಡೋಕಾ?" ಅಲ್ಲ ಎಂದರೆ ಯಾರೂ ನಂಬುವುದಿಲ್ಲ. ಸೀರಿಯಲ್‌ಗಳನ್ನು ನೋಡಿದ್ದೇನೆ, ಅದನ್ನೇನೂ ಮುಚ್ಚಿಡುವುದಿಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಅಲ್ಲಿನ ಅಕ್ಷರಗಳು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಮೊಬೈಲ್ ನೋಡಿಕೊಂಡೇ ಹಂಗುಲ್ ಲಿಪಿ ಕಲಿತೆ. ಸೇಜೊಂಗ್ ಎಂಬ ದೊರೆ 1443ರಲ್ಲಿ ಅದನ್ನು ರೂಪಿಸಿ 1446ರಲ್ಲಿ ಪ್ರಜೆಗಳ ಮುಂದಿಟ್ಟ. ಈಗ ಬಳಕೆಯಲ್ಲಿರುವುದು ಮೂಲ ವ್ಯಂಜನ 14, ಸ್ವರ 10. ಅಕ್ಷರಗಳನ್ನು ಸಾಲಾಗಿ ಬರೆಯದೆ ಒಂದರ ಪಕ್ಕ, ಒಂದರ ಕೆಳಗೆ ಸೇರಿಸಿ ಒಂದೊಂದು ಕಟ್ಟು ಮಾಡುತ್ತಾರೆ. ಒತ್ತಕ್ಷರ ಬರೆದು ಅಭ್ಯಾಸವಿರುವ ನಮಗೆ ಇದು ಕಷ್ಟವೇ ಅಲ್ಲ.

ವಾಕ್ಯವೂ ಹಾಗೆಯೇ. "ಚೊನುನ್ ಹಗ್ಯೊಎ ಕಾಯೊ" ಎಂದರೆ ನಾನು ಶಾಲೆಗೆ ಹೋಗುತ್ತೇನೆ. ಕರ್ತೃ ಮೊದಲು, ಕ್ರಿಯಾಪದ ಕೊನೆಗೆ, "ಗೆ" ಎಂಬ ಪ್ರತ್ಯಯ ಶಾಲೆಯ ಬೆನ್ನಿಗೆ ಅಂಟಿಕೊಂಡಿದೆ. ಮನೆಯಲ್ಲಿ ನಾವು ಆಡುವ ದಖ್ಖನಿ ಉರ್ದುವಿನಲ್ಲೂ "ಸ್ಕೂಲ್ ಕು" ಎಂದು ಇದೇ ಸಾಲು. ಹಿರಿಯರ ಜೊತೆ, ಗೆಳತಿಯರ ಜೊತೆ ಆಡುವಾಗ ಕ್ರಿಯಾಪದದ ಬಾಲ ಬದಲಾಗುತ್ತದೆ. ತೂ, ತುಮ್, ಆಪ್ ಎಂದು ಬೆಳೆದವಳಿಗೆ ಅದೂ ಹೊಸದಲ್ಲ. ಕೊರಿಯನ್ ಮಕ್ಕಳು ತಂದೆಯನ್ನು "ಅಪ್ಪಾ" ಎಂದೇ ಕರೆಯುತ್ತಾರೆ ಎಂದಾಗ ದಾದಿ, "ಫಿರ್ ತೋ ವೋ ಲೋಗಾಂ ಕನ್ನಡವಾಲೇ ಹೈ" ಎಂದು ತೀರ್ಪು ಕೊಟ್ಟುಬಿಟ್ಟರು.

ಅಕ್ಷರ ಕಲಿಯುವುದು ಸುಲಭದ ಭಾಗ. ಅರ್ಜಿ ಬೇರೆಯೇ ಕಥೆ.

ಕೊರಿಯಾದ ಮಕ್ಕಳು ಕಾಲೇಜು ಸೇರಲು ನವೆಂಬರ್‌ನಲ್ಲಿ ಸುನುಂಗ್ ಎಂಬ ಒಂದು ದಿನದ ಪರೀಕ್ಷೆ ಬರೆಯುತ್ತಾರೆ. ಅದರಲ್ಲಿ ಇಂಗ್ಲಿಷ್ ಕೇಳಿಸಿಕೊಂಡು ಉತ್ತರಿಸುವ ಭಾಗ ನಡೆಯುವಾಗ ಶಬ್ದವಾಗಬಾರದೆಂದು ವಿಮಾನ ಹಾರಾಟವನ್ನೇ ನಿಲ್ಲಿಸುತ್ತಾರೆ. ತಂದೆ ತಾಯಿ ಇಬ್ಬರೂ ವಿದೇಶಿಯರಾಗಿರುವ ನನ್ನಂಥವರಿಗೆ ಆ ಪರೀಕ್ಷೆ ಇಲ್ಲ. ನಮ್ಮನ್ನು ಅಳೆಯುವುದು ಕಾಗದದ ಮೇಲೆ: ಅಂಕಪಟ್ಟಿ, ನಮ್ಮ ಬಗ್ಗೆ ನಾವೇ ಬರೆಯುವ ಪತ್ರ, ಏನು ಓದುತ್ತೇವೆ ಎಂಬ ಯೋಜನೆ, ಗುರುಗಳ ಶಿಫಾರಸು, ಭಾಷಾ ಪರೀಕ್ಷೆಯ ಫಲಿತಾಂಶ. ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯ, ಕೊರಿಯಾ ವಿಶ್ವವಿದ್ಯಾಲಯ, ಯೊನ್ಸೆ ಎಂಬ ಮೂರನ್ನು ಅಲ್ಲಿಯವರು ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ "ಸ್ಕೈ" ಎನ್ನುತ್ತಾರೆ. ಆಕಾಶವೇ ಸರಿ. ಅಲ್ಲಿ ಕಾಮರ್ಸ್ ಓದಬೇಕೆಂಬ ಆಸೆ ನನ್ನದು.

ಕಾಗದ ಎಂದರೆ ಸಾಕು, ನಮ್ಮಂಥ ಮನೆಗಳಲ್ಲಿ ಹೆಸರಿನ ತೊಂದರೆ ಬಂದೇ ಬರುತ್ತದೆ. ಅಬ್ಬಾ ಅವರ ಹೆಸರಿನಲ್ಲಿರುವ ಅಹ್ಮದ್, ನನ್ನ ಜನನ ಪ್ರಮಾಣಪತ್ರದಲ್ಲಿ ಅಹಮ್ಮದ್ ಆಗಿದೆ, ಆಧಾರ್‌ನಲ್ಲಿ ಅಹಮದ್, ನನ್ನ ಅಂಕಪಟ್ಟಿಯಲ್ಲಿ ಬರೀ ಒಂದು ಇನಿಷಿಯಲ್. ನಮಗೆ ಮೂವರೂ ಒಬ್ಬರೇ. ಮಗಳು ತಂದೆ ಎಂಬ ಸಂಬಂಧಕ್ಕೆ ದಾಖಲೆ ಕೇಳುವ ಪರದೇಶದವರಿಗೆ ಮೂವರು ತಂದೆಯರು ಕಾಣುತ್ತಾರೆ. ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿದ್ದಾಯಿತು. ಮುಂದೆ ಅಪೋಸ್ಟಿಲ್ ಮಾಡಿಸಬೇಕು. ಒಂದು ದೇಶದ ದಾಖಲೆ ಅಸಲಿ ಎಂದು ಇನ್ನೊಂದು ದೇಶ ಒಪ್ಪಲು ಹಾಕುವ ಮುದ್ರೆ ಅದು. ಆ ಒಪ್ಪಂದಕ್ಕೆ ಭಾರತ 2005ರಲ್ಲಿ, ಕೊರಿಯಾ 2007ರಲ್ಲಿ ಸೇರಿದವು. ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ. ಪಾಸ್‌ಪೋರ್ಟ್ ಮಾಡಿಸದವರು ಈಗಲೇ ನಿಮ್ಮ ಎಲ್ಲ ಕಾಗದಗಳಲ್ಲಿ ಹೆಸರು ಒಂದೇ ಥರ ಇದೆಯೇ ನೋಡಿಕೊಳ್ಳಿ. ಕೊರಿಯಾಕ್ಕೆ ಹೋಗದಿದ್ದರೂ ಒಂದು ದಿನ ಬೇಕಾಗುತ್ತದೆ.

ಇನ್ನು ದುಡ್ಡು. ಸ್ವಂತ ಖರ್ಚಿನಲ್ಲಿ ಹೋಗುವುದಾದರೆ ಇದೇ ಸೆಪ್ಟೆಂಬರ್‌ಗೆ ಸೇರಬಹುದು. ಆದರೆ ಸೋಲ್‌ನಲ್ಲಿ ಓದುವ ವೀಸಾಕ್ಕೆ ಬ್ಯಾಂಕಿನಲ್ಲಿ 2 ಕೋಟಿ ವೋನ್ ಇರುವುದನ್ನು ತೋರಿಸಬೇಕು. ಇದನ್ನು ಊಟಕ್ಕೆ ಕುಳಿತಾಗ ಓದಿದೆ. ಕೋಟಿ ಎಂಬ ಮಾತು ಕೇಳಿ ಅಮ್ಮಿ ಚಪಾತಿ ತಿರುವುವುದನ್ನೇ ಬಿಟ್ಟರು. ನಮ್ಮ ದುಡ್ಡಿನಲ್ಲಿ ಹನ್ನೆರಡು ಹದಿಮೂರು ಲಕ್ಷ ಎಂದು ಲೆಕ್ಕ ಹೇಳಿದೆ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಅಬ್ಬಾ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ನಿಂತು ಗೂಡು ಕೊಳ್ಳುತ್ತಾರೆ, ಬೇಯಿಸಿ ನೂಲು ತೆಗೆಸುತ್ತಾರೆ, ನೂಲು ಮಾರಿದ ದುಡ್ಡಿನಲ್ಲಿ ಮತ್ತೆ ಗೂಡು. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ದುಡ್ಡು ನಮ್ಮಲ್ಲಿ ಇಲ್ಲವೆಂದಲ್ಲ, ಅದು ನಿಲ್ಲುವುದಿಲ್ಲ. ಸೋಮವಾರ ಪಾಸ್‌ಬುಕ್ ನೋಡಿದವರು ನಮ್ಮನ್ನು ಸಾಹುಕಾರರೆಂದುಕೊಳ್ಳಬಹುದು, ಗುರುವಾರ ನೋಡಿದವರು ಅಯ್ಯೋ ಪಾಪ ಎನ್ನಬಹುದು. ಅಕೌಂಟೆನ್ಸಿ ಕ್ಲಾಸಿನಲ್ಲಿ ಬ್ಯಾಲೆನ್ಸ್ ಶೀಟ್ ಎಂದರೆ ಒಂದು ನಿಗದಿತ ದಿನದ ಸ್ಥಿತಿ ಎಂದು ಬರೆದುಕೊಂಡಿದ್ದೆ. ಅದರ ಅರ್ಥ ಪೂರ್ತಿ ಆದದ್ದು ಆ ರಾತ್ರಿ. ಕೊಟ್ಟಿಗೆಯಲ್ಲಿರುವ ಗೂಡು, ಒಣಗುತ್ತಿರುವ ನೂಲು, ಬರಬೇಕಾದ ಬಾಕಿ, ಇವೆಲ್ಲ ಆಸ್ತಿಯೇ. ವೀಸಾ ಕೊಡುವವರಿಗೆ ಅವು ಕಾಣುವುದಿಲ್ಲ.

ಮಾಮು ಒಂದು ದಾರಿ ಹೇಳಿದರು. ನಾಲ್ಕು ಜನ ನೆಂಟರು ಸೇರಿ ಅಬ್ಬಾ ಅವರ ಖಾತೆಗೆ ದುಡ್ಡು ಹಾಕುವುದು, ಬ್ಯಾಂಕಿನಿಂದ ಸರ್ಟಿಫಿಕೇಟ್ ತೆಗೆಸಿಕೊಂಡು ವಾಪಸು ಕೊಡುವುದು. "ಸಬ್ ಐಸಾಚ್ ಕರ್ತೇ" ಎಂದರು. ಎಲ್ಲರೂ ಮಾಡುತ್ತಾರೋ ಇಲ್ಲವೋ, ನಮ್ಮ ಪುಸ್ತಕದಲ್ಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಎಂಬ ಹೆಸರಿದೆ, ನಾನು ಹಾಗೆಂದೆ. ಮಾಮು ನಕ್ಕರು. ಅಬ್ಬಾ ನಗಲಿಲ್ಲ. ಅವರ ಪ್ರಶ್ನೆ ಇನ್ನೂ ನೇರವಾಗಿತ್ತು: "ಕಾಗದ ತೋರಿಸಿ ಒಳಗೆ ಹೋಗ್ತೀಯ ಬೇಟಾ. ಎರಡನೇ ತಿಂಗಳು ಊಟಕ್ಕೆ ಎಲ್ಲಿಂದ ತರ್ತೀಯ?" ಶಿಕ್ಷಣ ಸಾಲದ ಮಾತು ಬಂದಾಗ, ಬಡ್ಡಿಯ ಸಾಲವನ್ನು ವ್ಯಾಪಾರ ಬಿದ್ದುಹೋಗುವಂತಿದ್ದಾಗಲೂ ತರಲಿಲ್ಲ, ಈಗ ತರುವುದಿಲ್ಲ ಎಂದರು. ಬದಲಿಗೆ ಎರಡು ಬೇಸಿನ್ ಮಾರಿಬಿಡುತ್ತೇನೆ ಎಂದರು. ಆ ಎರಡು ಬೇಸಿನ್‌ಗಳ ಮುಂದೆ ಕೂತು ನೂಲು ತೆಗೆಯುವವರನ್ನು ನಾನು ಆಪಾ ಎನ್ನುತ್ತೇನೆ. ಅವರಿಬ್ಬರ ಕೂಲಿಯಲ್ಲಿ ಎರಡು ಮನೆ ನಡೆಯುತ್ತವೆ. ಬೇಡ ಎಂದೆ. ಅಬ್ಬಾ ಮತ್ತೆ ಅದನ್ನೆತ್ತಲಿಲ್ಲ, ಆದರೆ ಮನಸ್ಸಿನಿಂದ ತೆಗೆದಿದ್ದಾರೆಂದು ನನಗೆ ಅನ್ನಿಸುವುದಿಲ್ಲ.

ಉಳಿದದ್ದು ಒಂದೇ ದಾರಿ, ಕೊರಿಯಾ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್. ಅರ್ಜಿಗೆ ಶುಲ್ಕವಿಲ್ಲ. ಸಿಕ್ಕರೆ ವಿಮಾನದ ಟಿಕೆಟ್, ಬೋಧನಾ ಶುಲ್ಕ, ತಿಂಗಳ ಖರ್ಚು ಎಲ್ಲ ಅವರದೇ. ಮೊದಲ ವರ್ಷ ಬರೀ ಕೊರಿಯನ್ ಭಾಷೆ, ಆಮೇಲೆ ನಾಲ್ಕು ವರ್ಷ ಪದವಿ. ಭಾಷಾ ವರ್ಷ ಮುಗಿಯುವಷ್ಟರಲ್ಲಿ ಟಾಪಿಕ್ ಪರೀಕ್ಷೆಯಲ್ಲಿ 3ನೇ ಹಂತ ದಾಟಬೇಕು. ಒಟ್ಟು ಆರು ಹಂತಗಳಿವೆ. ಮೊದಲೇ 5 ಅಥವಾ 6 ತಲುಪಿದವರು ನೇರ ಪದವಿಗೆ ಹೋಗಬಹುದು, ನಾನಿನ್ನೂ ಅದರ ಹತ್ತಿರವೂ ಇಲ್ಲ. ವಯಸ್ಸು 25ರ ಒಳಗಿರಬೇಕು, ಅಂಕ ಶೇ. 80ಕ್ಕೆ ಕಡಿಮೆ ಇರಬಾರದು. ಒಂದೊಂದು ದೇಶಕ್ಕೆ ಇಷ್ಟೇ ಸೀಟು ಎಂದು ಕೋಟಾ ಇದೆ. ಇಷ್ಟು ದೊಡ್ಡ ದೇಶದಲ್ಲಿ ಆ ಕೆಲವೇ ಸೀಟಿಗೆ ಎಷ್ಟು ಮಕ್ಕಳು ಕಾದಿರುತ್ತಾರೆಂದು ನಾನು ಲೆಕ್ಕ ಹಾಕಲು ಹೋಗಿಲ್ಲ.

ತೊಂದರೆ ಎಂದರೆ ಸಮಯ. ಸಾಮಾನ್ಯವಾಗಿ ಸೆಪ್ಟೆಂಬರ್ ಸುಮಾರಿಗೆ ಅರ್ಜಿ ಕರೆಯುತ್ತಾರೆ, ಅಲ್ಲಿನ ಶೈಕ್ಷಣಿಕ ವರ್ಷ ಶುರುವಾಗುವುದು ಮಾರ್ಚ್‌ನಲ್ಲಿ. ನಮ್ಮ ದ್ವಿತೀಯ ಪಿಯು ಮುಗಿದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ. ಅಮ್ಮಿಗೆ ಭಯವಿರುವುದು ಕೊರಿಯಾದ ಬಗ್ಗೆಯಲ್ಲ, ಈ ಖಾಲಿ ವರ್ಷದ ಬಗ್ಗೆ. ಮನೆಯಲ್ಲಿ ಕೂತ ಹುಡುಗಿಗೆ ಒಂದು ವರ್ಷದಲ್ಲಿ ಏನೇನು ಪ್ರಸ್ತಾಪ ಬರುತ್ತವೆಂದು ಇದನ್ನು ಓದುತ್ತಿರುವ ನನ್ನ ಗೆಳತಿಯರಿಗೆ ವಿವರಿಸಬೇಕಿಲ್ಲ. ಕೊನೆಗೆ ಆದ ಒಪ್ಪಂದ ಇಷ್ಟು: ಜೂನ್‌ನಲ್ಲಿ ಊರಲ್ಲೇ ಬಿ.ಕಾಂ. ಸೇರುತ್ತೇನೆ, ಸೆಪ್ಟೆಂಬರ್‌ನಲ್ಲಿ ಅರ್ಜಿ ಹಾಕುತ್ತೇನೆ. ಸಿಗದಿದ್ದರೆ ಬಿ.ಕಾಂ. ಮುಂದುವರಿಯುತ್ತದೆ. ಮದುವೆಯ ಮಾತು ಪದವಿ ಮುಗಿಯುವವರೆಗೆ ಎತ್ತುವಂತಿಲ್ಲ. ಕೊನೆಯ ಷರತ್ತು ನಾನು ಸೇರಿಸಿದ್ದು. ಅಬ್ಬಾ ಒಪ್ಪಿದರು, ಅಮ್ಮಿ "ದೇಖೇಂಗೆ" ಎಂದರು.

ಊಟ, ನಮಾಜಿನ ಪ್ರಶ್ನೆಗಳನ್ನು ದಾದಿ ವಿಚಾರಿಸಿಕೊಂಡರು. ಸೋಲ್‌ನ ಇಟೆವಾನ್ ಕಡೆ 1976ರಿಂದ ದೊಡ್ಡ ಮಸೀದಿ ಇದೆ, ಸುತ್ತ ಹಲಾಲ್ ಅಂಗಡಿಗಳಿವೆ ಎಂದೆ. ಜೊತೆಗೆ ಅಲ್ಲಿ ರಸ್ತೆ ಬದಿಯಲ್ಲಿ ಬೊಂದೆಗಿ ಎಂದು ರೇಷ್ಮೆ ಹುಳವನ್ನೇ ಬೇಯಿಸಿ ಲೋಟದಲ್ಲಿ ಮಾರುತ್ತಾರೆ ಎಂದು ಹೇಳಿಬಿಟ್ಟೆ. ನೂಲು ತೆಗೆದ ಮೇಲೆ ಉಳಿಯುವ ಅದೇ ಹುಳ! ನಮ್ಮ ಬೀದಿಯ ವಾಸನೆಗೆ ಮೂಗು ಮುಚ್ಚಿಕೊಳ್ಳುವವರನ್ನು ನೋಡಿಕೊಂಡು ಬೆಳೆದವಳು ನಾನು. ದಾದಿ ತೌಬಾ ತೌಬಾ ಎಂದರು. ಅಬ್ಬಾ ಮಾತ್ರ ಕಿಲೋಗೆ ಎಷ್ಟು ಎಂದು ಕೇಳಿದರು.

ಆ ಪ್ರಶ್ನೆಯಿಂದಲೇ ನನ್ನ ಅಧ್ಯಯನ ಯೋಜನೆ ಹುಟ್ಟಿತು. ಕೊರಿಯಾವೂ ಒಂದು ಕಾಲದಲ್ಲಿ ಕಚ್ಚಾ ರೇಷ್ಮೆ ರಫ್ತು ಮಾಡುತ್ತಿದ್ದ ದೇಶ. ಈಗ ಹಡಗು, ಕಾರು, ಚಿಪ್ ಮಾರುತ್ತದೆ. ನಡುವೆ ಅಲ್ಲಿನ ನೂಲು ತೆಗೆಯುವ ಮನೆಗಳು ಏನಾದವು? ಆ ಮನೆಗಳ ಮಕ್ಕಳು ಎಲ್ಲಿಗೆ ಹೋದರು? ಚೀನಾದ ರೇಷ್ಮೆ ಬಂದಾಗಲೆಲ್ಲ ನಮ್ಮಲ್ಲಿ ಬೆಲೆ ಬೀಳುವುದನ್ನು ಕಂಡವಳಿಗೆ ಇದು ಬರೀ ಇತಿಹಾಸವಲ್ಲ. ಮೊದಲ ಕರಡಿನಲ್ಲಿ ಕೊರಿಯಾದ ಸಂಸ್ಕೃತಿ ಎಂದರೆ ನನಗೆ ಬಹಳ ಇಷ್ಟ ಎಂದು ಬರೆದಿದ್ದೆ. ಅಕೌಂಟೆನ್ಸಿ ಮೇಡಂ ಅದರ ಮೇಲೆ ಅಡ್ಡಗೆರೆ ಎಳೆದು, ಎಲ್ಲರೂ ಇದನ್ನೇ ಬರೆಯುತ್ತಾರೆ, ನೀನು ನಿಮ್ಮ ಬೇಸಿನ್ ಬಗ್ಗೆ ಬರಿ ಎಂದರು. ಈಗ ಮೂರನೇ ಕರಡು ನಡೆಯುತ್ತಿದೆ. ಶಿಫಾರಸು ಪತ್ರವನ್ನೂ ಅವರೇ ಕೊಡುತ್ತೇನೆಂದಿದ್ದಾರೆ, ಪೂರ್ವಸಿದ್ಧತಾ ಪರೀಕ್ಷೆಯ ಅಂಕ ನೋಡಿಕೊಂಡು.

ಇಶಾ ನಮಾಜಿನ ನಂತರ ನಲವತ್ತು ನಿಮಿಷ ಕೊರಿಯನ್, ಉಳಿದದ್ದು ಪರೀಕ್ಷೆಯ ಓದು. ಲಿಪಿ ಕಲಿಯುವ ಆಸೆ ಯಾರಿಗಾದರೂ ಇದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯದ ಕಿಟಕಿ ಪಕ್ಕ ಸಿಗುತ್ತೇನೆ. ಎರಡು ವಾರ ಸಾಕು. ಬಿಟಿಎಸ್‌ಗಾಗಿ ಕಲಿಯುವವರೂ ಬರಬಹುದು.