ಹನ್ನೆರಡೋ, ನಾಲ್ಕೋ

ಏಪ್ರಿಲ್ 19
ಕೋಲ್ಡ್ ರೂಮಿನ ಬೀಗದ ಕೈ ಇನ್ನು ನನ್ನ ಹತ್ತಿರ. ನಮ್ಮ ರೈತ ಉತ್ಪಾದಕ ಸಂಸ್ಥೆಯ (ಎಫ್‌ಪಿಓ) ನಿರ್ದೇಶಕರ ತೀರ್ಮಾನ. ಸಂಬಳದ ಮಾತು ಯಾರೂ ಎತ್ತಲಿಲ್ಲ. 5 ಟನ್ ಹಿಡಿಯುತ್ತದೆ. ಮೇಲೆ ಸೋಲಾರ್ ಪ್ಲೇಟು, ಬ್ಯಾಟರಿ ಇಲ್ಲ. ಹಗಲು ಬಿಸಿಲಿದ್ದಾಗ ಒಳಗಿನ ದ್ರಾವಣ ಹೆಪ್ಪುಗಟ್ಟುತ್ತದೆ, ರಾತ್ರಿ ಕರಗುತ್ತಾ ತಂಪು ಕೊಡುತ್ತದೆ. ಬಿಸಿಲಿಂದ ತಂಪು! ಜೋಡಿಸಲು ಬಂದ ಹುಡುಗ ಎರಡೆರಡು ಸಲ ಹೇಳಿದ ಮೇಲೆ ತಲೆಗೆ ಹತ್ತಿತು.

ಏಪ್ರಿಲ್ 27
ಕೋಲಾರದ ಮಂಡಿಯಲ್ಲಿ ಟೊಮೆಟೊ ಕೇಳುವವರಿಲ್ಲ. ಪಕ್ಕದ ಹೊಲದವನು ಬಂದಿದ್ದ. "2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿತ್ತಲ್ಲಕ್ಕಾ, ಅಂಥ ರೇಟು ಬರೋವರೆಗೂ ಇಲ್ಲೇ ಇರಲಿ." ಹಣ್ಣಾದದ್ದು ಎಂಟು-ಹತ್ತು ದಿನ ಅಷ್ಟೇ ಕಣಪ್ಪಾ ಅಂದೆ. ಮುಖ ಸಪ್ಪಗಾಯಿತು.

ಮೇ 4, ಬೆಳಗ್ಗೆ 5
ಸೊಪ್ಪಿನವರು ನಿನ್ನೆ ಉಳಿದ ಕಟ್ಟುಗಳನ್ನು ಇಟ್ಟುಹೋಗಿದ್ದರು. ಮೊದಲೆಲ್ಲ ಹಸುವಿಗೆ ಹಾಕುತ್ತಿದ್ದ ಮಾಲು. ಅವರಲ್ಲೊಬ್ಬರು, ದೊಡ್ಡಮ್ಮ, ಕೊತ್ತಂಬರಿ ಮೂಸಿ, "ನಿನ್ನೇದು ಅಂದ್ರೆ ಯಾರೂ ನಂಬಲ್ಲಮ್ಮಾ" ಅಂದರು. ಕ್ರೇಟಿಗೆ ದಿನಕ್ಕೆ 5 ರೂಪಾಯಿ. ಸೆರಗಿನ ಗಂಟು ಬಿಚ್ಚಿ ಕೊಟ್ಟರು. ಖುಷಿಯ ದಿನ.

ಮೇ 11
ಟೊಮೆಟೊ ವ್ಯಾಪಾರಿ ಬಂದ. ಜೂನ್ ಕೊನೆವರೆಗೆ ಇಡೀ ಕೋಣೆ ಅವನಿಗೇ ಬೇಕಂತೆ, ಬಾಡಿಗೆ ಮುಂಗಡ. ಆದರೆ 12 ಡಿಗ್ರಿಗೆ ಇಡಬೇಕು. ಅವನು ಹೇಳುವುದು ಸರಿಯೇ. ದೋರೆಗಾಯಿಯನ್ನು 10ರ ಕೆಳಗೆ ದಿನಗಟ್ಟಲೆ ಇಟ್ಟರೆ ಬಣ್ಣ ಸರಿಯಾಗಿ ಬರಲ್ಲ, ಆಮೇಲೆ ಕೊಳೆಯುತ್ತದೆ. ಸೊಪ್ಪಿಗೆ 4ರೊಳಗೆ ಬೇಕು. ಇರುವುದು ಒಂದು ಕೋಣೆ.

ಮೇ 12
ಸಭೆ. "8ಕ್ಕಿಟ್ಟು ಇಬ್ಬರಿಗೂ ಕೊಡೋಣ" ಅಂದರು ಅಧ್ಯಕ್ಷರು. ಹಣ್ಣಾಗುವ ಟೊಮೆಟೊ ಎಥಿಲೀನ್ ಬಿಡುತ್ತದೆ, ಜೊತೆಗಿಟ್ಟ ಸೊಪ್ಪು ಹಳದಿಯಾಗುತ್ತದೆ ಅಂದೆ. ಹಾಗಾದರೆ ಒಬ್ಬರಿಗೇ ಕೊಡಿ ಅಂದರು. ಕೋಣೆಯ ಸಾಲಕ್ಕೆ ಬ್ಯಾಂಕಿಗೆ ಕಟ್ಟಬೇಕಾದ ಕಂತು ನೆನಪಿಸಿದರು. ವ್ಯಾಪಾರಿಗೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡಿದ್ದರೆ?

ಜೂನ್ 6, ರಾತ್ರಿ 11
ಮೊನ್ನೆಯಿಂದ ಮೋಡ. ಕರೆಂಟೂ ಇಲ್ಲ. ಮೀಟರು 14 ತೋರಿಸುತ್ತಿದೆ. ಬಾಗಿಲು ತೆಗೆಯಬೇಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ವ್ಯಾಪಾರಿಯ ಫೋನು ನಿಲ್ಲುತ್ತಿಲ್ಲ.

ರಾತ್ರಿ 2
15.

ಜೂನ್ 8
ಬಿಸಿಲು. ಮಾಲಿಗೆ ಏನೂ ಆಗಿಲ್ಲ. ಕಾದಿದ್ದಕ್ಕೆ ವ್ಯಾಪಾರಿಗೆ ರೇಟೂ ಏರಿ ಬಂತು, ಚೆನ್ನೈ ಲಾರಿಗೆ ತುಂಬಿಸಿದ. ಬೆಳೆದವನು ಕಿತ್ತ ದಿನವೇ ಮಾರಿ ಕೂಲಿ ಕೊಟ್ಟು, ಔಷಧಿ ಅಂಗಡಿ ಬಾಕಿ ತೀರಿಸಿದ್ದ. ಕಾಯುವುದಕ್ಕೂ ದುಡ್ಡಿರಬೇಕು.

ಜೂನ್ 15
ದೊಡ್ಡಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕಟ್ಟು ಬಾಡಿತ್ತು, ನೀರು ಚಿಮುಕಿಸುತ್ತಿದ್ದರು. ಕೋಣೆಯ ಮಾತೇ ಎತ್ತಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಜೂನ್ 21
ಸೊಪ್ಪಿಗೆಂದೇ ಇನ್ನೊಂದು ಸಣ್ಣ ಕೋಣೆ? ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿವರೆಗಿನ ಸಾಲಕ್ಕೆ ಬಡ್ಡಿಯಲ್ಲಿ 3% ರಿಯಾಯಿತಿ ಇದೆ. ಬಡ್ಡಿ ಇಳಿದರೂ ಅಸಲು ಕಟ್ಟಬೇಕಲ್ಲ. ಐದೈದು ರೂಪಾಯಿ ಕೂಡಿಸಿ ನೋಡಿದೆ, ಕಂತು ಹುಟ್ಟುತ್ತಿಲ್ಲ. ವ್ಯಾಪಾರಿ ಇಲ್ಲದಿದ್ದರೆ ಈಗಿನ ಕಂತೂ ಹುಟ್ಟಲ್ಲ.

ಜೂನ್ 30
ವ್ಯಾಪಾರಿ ಇನ್ನೂ ಒಂದು ತಿಂಗಳು ಕೇಳಿದ. ಒಪ್ಪಿದರು. ಸೊಪ್ಪಿನವರ ವಿಷಯ ನಡಾವಳಿಯಲ್ಲಿ ಬರೆಯಲೇಬೇಕು ಅಂತ ಹಟ ಹಿಡಿದೆ. ಬರೆದರು: ಮುಂದಿನ ಸಭೆಗೆ.