ಹದಿಮೂರು ಮಂದಿ ಉಳಿಸಿದ ಹನ್ನೆರಡು ಎಕರೆ

ಸಿಡ್ನಿ ಎಂದೊಡನೆ ನಮಗೆಲ್ಲ ನೆನಪಾಗುವುದು ಹಾಯಿ ಬಿಚ್ಚಿದ ದೋಣಿಯಂಥ ಒಪೆರಾ ಹೌಸ್, ಅದರ ಎದುರಿನ ದೊಡ್ಡ ಕಮಾನು ಸೇತುವೆ, ಜೊತೆಗೆ ಕ್ರಿಕೆಟ್ ಮೈದಾನ. ಆದರೆ ಕ್ಯಾಲೆಂಡರಿನ ಚಿತ್ರಗಳಲ್ಲಿ ಕಾಣದ ಇನ್ನೊಂದು ಆಸ್ತಿ ಆ ಊರಿಗಿದೆ. ಮನೆಗಳ ಹಿತ್ತಿಲಿನಾಚೆ, ಶಾಲೆಗಳ ಪಕ್ಕದಲ್ಲಿ, ಕಡಲ ದಂಡೆಯ ಬಂಡೆಗಳ ಮೇಲೆ ಅಲ್ಲಲ್ಲಿ ಕಾಡಿನ ತುಣುಕುಗಳು ಉಳಿದುಕೊಂಡಿವೆ. ಇವು ಸಾಲಾಗಿ ಗಿಡ ನೆಟ್ಟು ಹುಲ್ಲು ಕತ್ತರಿಸಿದ ಪಾರ್ಕುಗಳಲ್ಲ. ಊರು ಹುಟ್ಟುವ ಮೊದಲೇ ಇದ್ದ ಕಾಡು. ಆ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷ ಓಡಾಡಿದ ಕಾಡು. ಅಲ್ಲಿಯವರು ಅದನ್ನು ಪ್ರೀತಿಯಿಂದ ‘ಬುಷ್’ ಎನ್ನುತ್ತಾರೆ.

ಮಗಳ ಮನೆಗೆಂದು ಹೋಗಿ ಮೂರು ತಿಂಗಳು ಅಲ್ಲಿದ್ದೆ. ನಮ್ಮಲ್ಲಿ ದಸರಾ ಬರುವ ಹೊತ್ತಿಗೆ ಅಲ್ಲಿ ವಸಂತ. ಆರನೇ ತರಗತಿಯಲ್ಲಿ ಓದುವ ಮೊಮ್ಮಗಳೇ ನನಗೆ ಗೈಡು. “ಅಜ್ಜಿ, ನೀನು ಒಪೆರಾ ಹೌಸ್ ನೋಡಿ ಆಯ್ತಲ್ಲ, ಇನ್ನು ನನ್ನ ಜಾಗ ನೋಡು” ಎಂದು ಒಂದು ಶನಿವಾರ ನನ್ನನ್ನು ದೋಣಿ ಹತ್ತಿಸಿದಳು. ದೋಣಿ ಎಂದರೆ ಅಲ್ಲಿ ನಮ್ಮ ಸಿಟಿ ಬಸ್ಸಿದ್ದ ಹಾಗೆ. ಸರ್ಕ್ಯುಲರ್ ಕೀ ಎಂಬ ನಿಲ್ದಾಣದಿಂದ ಹೊರಟು, ಸೇತುವೆಯ ಅಡಿಯಲ್ಲಿ ಹಾದು, ವುಲಿಚ್ ಎಂಬ ಕಟ್ಟೆಯಲ್ಲಿ ಇಳಿದೆವು. ಅಲ್ಲಿಂದ ಸ್ವಲ್ಪ ದೂರ ನಡೆದರೆ ಕೆಲ್ಲಿಸ್ ಬುಷ್.

ಮೊದಲ ನೋಟಕ್ಕೆ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸುಮಾರು 12 ಎಕರೆ ಜಾಗ. ನಮ್ಮ ಲಾಲ್‌ಬಾಗ್ 240 ಎಕರೆ. ಅದರ ಇಪ್ಪತ್ತರಲ್ಲಿ ಒಂದು ಪಾಲು. ಮರಳುಗಲ್ಲಿನ ಬಂಡೆಗಳು, ಅವುಗಳ ಸಂದಿಯಲ್ಲೇ ಬೇರು ತೂರಿಸಿ ನಿಂತ ಗಮ್ ಮರಗಳು. ಕೆಲವು ಮರಗಳು ಹಳೆಯ ತೊಗಟೆ ಕಳಚಿಕೊಂಡು, ಎಣ್ಣೆ ಹಚ್ಚಿ ಸ್ನಾನ ಮಾಡಿಸಿದ ಮಗುವಿನಂತೆ ನುಣ್ಣಗೆ, ಕೆಂಪಾಗಿ ನಿಂತಿದ್ದವು. ತಲೆಯ ಮೇಲೆ ಬಣ್ಣಬಣ್ಣದ ಗಿಳಿಗಳ ಗಲಾಟೆ. ಕೆಳಗೆ ನೀಲಿ ನೀರು.

“ಇಷ್ಟೇನಾ?” ಎಂದೆ.

“ಇಷ್ಟು ಉಳಿಸೋಕೇ ಹದಿಮೂರು ವರ್ಷ ಬೇಕಾಯ್ತು ಅಜ್ಜಿ” ಎಂದಳು.

ಕಥೆ ಹೀಗಿದೆ. ಈ ಜಾಗದ ಪಕ್ಕದಲ್ಲಿ 1890ರ ದಶಕದಲ್ಲಿ ಲೋಹ ಕರಗಿಸುವ ಒಂದು ಕಾರ್ಖಾನೆ ಬಂತು. ಅದರ ಒಡೆಯ ಕೆಲ್ಲಿ ಎಂಬವರು. ಕಾರ್ಖಾನೆಗೂ ಮನೆಗಳಿಗೂ ನಡುವೆ ಇರಲೆಂದು ಈ ಕಾಡನ್ನು ಹಾಗೇ ಬಿಟ್ಟಿದ್ದರು. 1960ರ ದಶಕದಲ್ಲಿ ಕಾರ್ಖಾನೆ ಬೇರೆಡೆಗೆ ಹೋಯಿತು. ನೀರಿನಂಚಿನ ಜಾಗ, ಬೆಲೆ ಕೇಳಬೇಕೆ? ಮನೆ ಕಟ್ಟಿ ಮಾರುವ ಕಂಪನಿಯೊಂದು ಯೋಜನೆ ಹಾಕಿತು. ಆಗ 1970ರಲ್ಲಿ ಆ ಬಡಾವಣೆಯ ಹದಿಮೂರು ಮಂದಿ ಹೆಂಗಸರು ಒಟ್ಟು ಸೇರಿದರು. ಬೆಟ್ಟಿ ಜೇಮ್ಸ್ ಎಂಬಾಕೆ ಮುಂದೆ ನಿಂತರು. ಇವರಲ್ಲಿ ಯಾರೂ ರಾಜಕಾರಣಿಗಳಲ್ಲ. ಮನೆ ಮಕ್ಕಳು ನೋಡಿಕೊಂಡಿದ್ದವರು. ಕಾಗದ ಬರೆದರು, ಸಹಿ ಸಂಗ್ರಹಿಸಿದರು, ಕಚೇರಿಯಿಂದ ಕಚೇರಿಗೆ ಅಲೆದರು, ಮಂತ್ರಿಗಳನ್ನು ಕಂಡರು. ಆದರೂ 1971ರ ಜೂನ್‌ನಲ್ಲಿ ಸರ್ಕಾರ ಮನೆ ಕಟ್ಟಲು ಒಪ್ಪಿಗೆ ಕೊಟ್ಟೇಬಿಟ್ಟಿತು.

ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವರು ತಟ್ಟಿದ್ದು ಯಾರೂ ಊಹಿಸದ ಬಾಗಿಲನ್ನು. ಅದು ಕಟ್ಟಡ ಕಾರ್ಮಿಕರ ಸಂಘ. ಗಾರೆ ಕಲಸುವವರು, ಇಟ್ಟಿಗೆ ಹೊರುವವರು, ಅಗೆಯುವವರು. ಅದರ ಮುಂದಾಳು ಜ್ಯಾಕ್ ಮಂಡಿ. ಸಂಘ ಒಂದು ಷರತ್ತು ಹಾಕಿತು: ಕಾಡು ಉಳಿಯಬೇಕೆಂಬುದು ಹದಿಮೂರು ಜನರ ಆಸೆಯಷ್ಟೇ ಅಲ್ಲ, ಊರಿನ ಆಸೆ ಎಂದು ಸಭೆ ಕರೆದು ತೋರಿಸಿ. ಸಭೆಗೆ ಸುಮಾರು 600 ಜನ ಬಂದರು. ಕಾರ್ಮಿಕರು ಮಾತು ಉಳಿಸಿಕೊಂಡರು. ಕೆಲ್ಲಿಸ್ ಬುಷ್‌ನಲ್ಲಿ ನಾವು ಯಾರೂ ಕೆಲಸ ಮಾಡುವುದಿಲ್ಲ ಎಂದರು. ಸಂಘಕ್ಕೆ ಸೇರದ ಕೂಲಿಗಳನ್ನು ತಂದು ಮಾಡಿಸುತ್ತೇವೆ ಎಂದು ಕಂಪನಿ ಹೇಳಿತು. ಅದಕ್ಕೆ, ಅದೇ ಕಂಪನಿಯ ಇನ್ನೊಂದು ಕಟ್ಟಡದಲ್ಲಿ ದುಡಿಯುತ್ತಿದ್ದವರು ಉತ್ತರ ಕೊಟ್ಟರು: ಅಲ್ಲಿ ಒಂದು ಮರ ಬಿದ್ದರೂ ಈ ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ, ಕೆಲ್ಲಿಸ್ ಬುಷ್‌ನ ನೆನಪಿಗೆಂದು ಹಾಗೇ ಇರಲಿ!

ಜಗತ್ತಿನ ಮೊದಲ ‘ಗ್ರೀನ್ ಬ್ಯಾನ್’, ಎಂದರೆ ಹಸಿರು ನಿಷೇಧ, ಎಂದು ಹೆಸರಾದದ್ದು ಇದು. ಮುಂದಿನ ಮೂರು ವರ್ಷಗಳಲ್ಲಿ ಇಂಥ 40ಕ್ಕೂ ಹೆಚ್ಚು ನಿಷೇಧಗಳು ಬಂದವು. ಸಿಡ್ನಿಯ ಹಳೆಯ ಕೇರಿಗಳು, ಉದ್ಯಾನಗಳು ಹಲವು ಇದರಿಂದಲೇ ಉಳಿದವು. ಕೊನೆಗೆ 1983ರಲ್ಲಿ ಸರ್ಕಾರವೇ ಕೆಲ್ಲಿಸ್ ಬುಷ್ ಅನ್ನು ಕೊಂಡು ಜನರಿಗೆ ಬಿಟ್ಟುಕೊಟ್ಟಿತು. ಕಟ್ಟುವುದೇ ಕಸುಬಾದವರು, ಕೂಲಿ ಹೋದರೂ ಸರಿ, ಇಲ್ಲಿ ಕಟ್ಟುವುದಿಲ್ಲ ಎಂದರಲ್ಲ, ಆ ಮಾತು ಕೇಳಿ ನಾನು ಅಲ್ಲೇ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂತೆ.

ಮಕ್ಕಳೇ, ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು. ಈ ಮರ ಹೋದರೆ ಇನ್ನೊಂದು ಕಡೆ ಹತ್ತು ಸಸಿ ನೆಟ್ಟರಾಗದೇ? ನನಗೂ ಬಂದಿತ್ತು. ಅದಕ್ಕೆ ಉತ್ತರ ಕೊಟ್ಟದ್ದು ಒಂದು ಗೂಬೆ.

ಪವರ್‌ಫುಲ್ ಔಲ್ ಎಂಬುದು ಆಸ್ಟ್ರೇಲಿಯಾದ ಅತಿ ದೊಡ್ಡ ಗೂಬೆ. ನಿಂತರೆ ಎರಡು ಅಡಿ ಎತ್ತರ. ಇಷ್ಟು ದೊಡ್ಡ ಹಕ್ಕಿ ಸಿಡ್ನಿ ನಗರದೊಳಗಿನ ಈ ಕಾಡಿನ ತುಣುಕುಗಳಲ್ಲಿ ಬದುಕುತ್ತಿದೆ. ಅದು ಗೂಡು ಕಟ್ಟುವುದಿಲ್ಲ. ದೊಡ್ಡ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಗಮ್ ಮರದಲ್ಲಿ ಅಷ್ಟು ದೊಡ್ಡ ಪೊಟರೆ ಆಗಬೇಕಾದರೆ ಮರಕ್ಕೆ ಕನಿಷ್ಠ 150 ವರ್ಷವಾದರೂ ಆಗಿರಬೇಕು. ಇಂದು ನೆಟ್ಟ ಸಸಿಯಲ್ಲಿ ಗೂಬೆಗೆ ಮನೆ ಸಿಗುವುದು ನನ್ನ ಮೊಮ್ಮಗಳ ಮೊಮ್ಮಕ್ಕಳ ಕಾಲಕ್ಕೆ. ಅಲ್ಲಿಯವರೆಗೆ ಗೂಬೆ ಎಲ್ಲಿಗೆ ಹೋಗಬೇಕು? 2011ರಿಂದ ಹಕ್ಕಿಪ್ರಿಯರ ಸಂಸ್ಥೆಯಾದ ಬರ್ಡ್‌ಲೈಫ್ ಆಸ್ಟ್ರೇಲಿಯಾ ಈ ಗೂಬೆಗಳ ಲೆಕ್ಕ ಇಡುತ್ತಿದೆ. ಲೆಕ್ಕ ಇಡುವವರಲ್ಲಿ ಹೆಚ್ಚಿನವರು ನನ್ನ ನಿಮ್ಮಂಥ ಸಾಮಾನ್ಯರು. ಗೂಡಿನ ಜಾಗವನ್ನು ಮಾತ್ರ ಅವರು ಬಾಯಿಬಿಡುವುದಿಲ್ಲ. ಜನ ಮುತ್ತಿದರೆ ಹಕ್ಕಿಗೆ ತೊಂದರೆ. ಮನೆ ಮೇಲೆ ಗೂಬೆ ಕೂತರೆ ಕೆಡುಕು ಎನ್ನುವ ಊರಿನಿಂದ ಹೋದ ನಾನು, ನಮ್ಮ ಬೀದಿಗೆ ಗೂಬೆ ಬಂತು ಎಂದು ಹಿಗ್ಗುವವರನ್ನು ಅಲ್ಲಿ ಕಂಡೆ.

ಕಾಡಿಗೆ ಬೇಲಿ ಹಾಕಿ ಬಿಟ್ಟರೆ ಸಾಕೇ? ಸಾಲದು ಎಂದು ತೋರಿಸಿಕೊಟ್ಟವರು ಇಬ್ಬರು ಅಕ್ಕತಂಗಿಯರು, ಐಲೀನ್ ಬ್ರಾಡ್ಲಿ ಮತ್ತು ಜೋನ್ ಬ್ರಾಡ್ಲಿ. ಸಿಡ್ನಿಯ ಮೋಸ್ಮನ್ ಎಂಬಲ್ಲಿ ಇದ್ದವರು. ಮನೆ ಹತ್ತಿರದ ಕಾಡಿನಲ್ಲಿ ದಿನವೂ ನಾಯಿಗಳೊಂದಿಗೆ ನಡೆಯುತ್ತಿದ್ದರು. 1960ರ ದಶಕದಲ್ಲಿ ಅವರ ಕಣ್ಣಿಗೆ ಒಂದು ಸಂಗತಿ ಬಿತ್ತು. ಕಳೆ ತುಂಬಿದ ಜಾಗವನ್ನು ಪೂರ್ತಿ ಕಡಿದು ಬೋಳು ಮಾಡಿದರೆ, ಮುಂದಿನ ವರ್ಷ ಅದೇ ಕಳೆ ಇಮ್ಮಡಿಯಾಗಿ ಬರುತ್ತಿತ್ತು. ಅವರು ತಿರುಗುಮುರುಗು ಮಾಡಿದರು. ಕಾಡು ಚೆನ್ನಾಗಿರುವ ಕಡೆಯಿಂದ ಶುರುಮಾಡಿ ಕೆಟ್ಟ ಕಡೆಗೆ ನಿಧಾನವಾಗಿ ಬರಬೇಕು. ಮಣ್ಣನ್ನು ಕೆದಕಬಾರದು, ಒಣಗಿದ ಎಲೆಗಳನ್ನು ಮತ್ತೆ ಹರಡಬೇಕು. ಅಲ್ಲಿನ ಸ್ವಂತ ಗಿಡಗಳು ಎಷ್ಟು ಬೇಗ ಮೇಲೇಳುತ್ತವೆಯೋ ಅಷ್ಟೇ ವೇಗದಲ್ಲಿ ಕಳೆ ಕೀಳಬೇಕು. ನೆಡುವ ಅಗತ್ಯವೇ ಇಲ್ಲದೆ, ಮಣ್ಣಿನಲ್ಲಿ ಮಲಗಿದ್ದ ಬೀಜಗಳು ತಾವಾಗಿ ಎದ್ದವು. ಈಗ ಇದನ್ನು ‘ಬ್ರಾಡ್ಲಿ ವಿಧಾನ’ ಎಂದೇ ಕರೆಯುತ್ತಾರೆ. ಕಾಡಿನ ಆರೈಕೆ ಮಾಡುವ ‘ಬುಷ್‌ಕೇರ್’ ಗುಂಪುಗಳು ಸಿಡ್ನಿಯ ಬಡಾವಣೆಗಳಲ್ಲೆಲ್ಲ ಇವೆ.

ಮಗಳ ಮನೆಯ ಹತ್ತಿರದ ಗುಂಪಿನೊಂದಿಗೆ ಒಂದು ಭಾನುವಾರ ನಾನೂ ಹೋದೆ. ಟೋಪಿ, ಕೈಗವಸು ಕೊಟ್ಟರು. ಕೀಳಬೇಕಾದ ಗಿಡ ಇದು ಎಂದು ತೋರಿಸಿದಾಗ ನಗು ಬಂತು. ಲಂಟಾನ! ಮಲೆನಾಡಿನ ನಮ್ಮೂರ ಬೇಲಿಯಲ್ಲಿ ಇದರ ಹಳದಿ ಗುಲಾಬಿ ಹೂಗಳನ್ನು ಒಂದರೊಳಗೊಂದು ಸಿಕ್ಕಿಸಿ ಸರ ಮಾಡಿದವಳು ನಾನು. ಅಮೆರಿಕ ಖಂಡದ ಈ ಗಿಡವನ್ನು ಚಂದದ ಹೂವೆಂದು ಬ್ರಿಟಿಷರು 19ನೇ ಶತಮಾನದಲ್ಲಿ ಕೋಲ್ಕತ್ತಕ್ಕೂ ತಂದರು, ಆಸ್ಟ್ರೇಲಿಯಾಕ್ಕೂ ಒಯ್ದರು. ಇಂದು ಬಂಡೀಪುರದ ಕಾಡಿನಲ್ಲಿ ಜಿಂಕೆಯ ಹುಲ್ಲನ್ನು ನುಂಗುತ್ತಿರುವುದೂ ಅದೇ, ಸಿಡ್ನಿಯ ಬುಷ್ ಅನ್ನು ಮುಚ್ಚುತ್ತಿರುವುದೂ ಅದೇ.

ಅಲ್ಲಿಂದ ನಮಗೆ ಬಂದ ಮರಗಳೂ ಇವೆ. ಟಿಪ್ಪು ಸುಲ್ತಾನ್ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದಿತೆಂದು ಹೇಳುವ ನೀಲಗಿರಿ ಈ ಗಮ್ ಮರಗಳ ಬಳಗ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ನಿಂತ ಸಿಲ್ವರ್ ಓಕ್‌ನ ತವರೂ ಆಸ್ಟ್ರೇಲಿಯಾವೇ. ನೀರು ಕುಡಿದು ಹಾಕುತ್ತದೆ ಎಂದು ನಮ್ಮ ರೈತರು ಬೈಯುವ ನೀಲಗಿರಿಯ ನೆಂಟರೇ ತಮ್ಮ ತವರಿನಲ್ಲಿ ಗೂಬೆಗೆ, ಗಿಳಿಗೆ, ಜೇನಿಗೆ ಆಸರೆ. ಗಿಡದ ಮೇಲೆ ಗೂಬೆ ಕೂರಿಸಿ ಏನು ಪ್ರಯೋಜನ? ಯಾವ ಮರ ಎಲ್ಲಿರಬೇಕು ಎಂದು ತಿಳಿಯಬೇಕಾದವರು ನಾವು.

ಇನ್ನು ಮಕ್ಕಳ ವಿಷಯ. ಮೊಮ್ಮಗಳ ತರಗತಿಯವರು ಶಾಲೆಯ ಹಿಂದಿನ ತೊರೆಯಿಂದ ಬಲೆಯಲ್ಲಿ ನೀರು ಗೋರಿ ಬಿಳಿ ತಟ್ಟೆಗೆ ಸುರಿಯುತ್ತಾರೆ. ತಟ್ಟೆಯಲ್ಲಿ ಹರಿದಾಡುವ ಹುಳುಗಳನ್ನು ಎಣಿಸುತ್ತಾರೆ. ಕೆಲವು ಹುಳುಗಳು ಎಂಥ ಕೊಳಕು ನೀರಿನಲ್ಲೂ ಬದುಕಿಯಾವು. ಮೇಫ್ಲೈನಂಥ ಕೀಟಗಳ ಮರಿಗಳಿಗೆ ತಿಳಿನೀರೇ ಬೇಕು. ಯಾವ ಹುಳು ಇದೆ, ಯಾವುದು ಇಲ್ಲ ಎಂಬುದೇ ನೀರಿನ ಆರೋಗ್ಯದ ವರದಿ. ಸಿಡ್ನಿಯಲ್ಲಿ ಶಾಲೆಯ ಮಕ್ಕಳಿಂದ ಹೀಗೆ ತೊರೆಗಳನ್ನು ಪರೀಕ್ಷಿಸುವ ‘ಸ್ಟ್ರೀಮ್‌ವಾಚ್’ ಶುರುವಾದದ್ದು 1990ರಲ್ಲಿ. ನ್ಯೂ ಸೌತ್ ವೇಲ್ಸ್ ರಾಜ್ಯದ ವಿಜ್ಞಾನ ಶಿಕ್ಷಕರ ಸಂಘ ಮಕ್ಕಳ ಇಂಥ ಸಂಶೋಧನೆಗಳಿಗೆ ಪ್ರತಿವರ್ಷ ‘ಯಂಗ್ ಸೈಂಟಿಸ್ಟ್’ ಪ್ರಶಸ್ತಿಗಳನ್ನೂ ಕೊಡುತ್ತದೆ.

ರಾತ್ರಿಯ ಕೆಲಸ ಇನ್ನೂ ಮಜಾ. ಮಳೆ ಬಿದ್ದ ಒಂದು ಸಂಜೆ ಟಾರ್ಚ್ ಹಿಡಿದು ಮೊಮ್ಮಗಳು ನನ್ನನ್ನು ಅದೇ ತೊರೆಯ ಹತ್ತಿರ ಕರೆದೊಯ್ದಳು. “ಮಾತಾಡಬೇಡ ಅಜ್ಜಿ” ಎಂದಳು. ಕತ್ತಲಲ್ಲಿ ‘ಟಾಕ್... ಟಾಕ್...’ ಎಂದು ಯಾರೋ ಟೆನಿಸ್ ಆಡುತ್ತಿರುವ ಸದ್ದು. ಅದು ಪಟ್ಟೆ ಮೈಯ ಜೌಗು ಕಪ್ಪೆಯಂತೆ. ಅವಳು ಮೊಬೈಲಿನಲ್ಲಿ ಅದರ ಕೂಗನ್ನು ಹಿಡಿದು ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂಗೆ ಕಳಿಸಿದಳು. 2017ರಲ್ಲಿ ಆ ಮ್ಯೂಸಿಯಂ ‘ಫ್ರಾಗ್‌ಐಡಿ’ ಎಂಬ ಆ್ಯಪ್ ತಂದಿತು. ನೀವು ಕಳಿಸಿದ ಕೂಗನ್ನು ಅಲ್ಲಿನ ತಜ್ಞರು ಕಿವಿಗೊಟ್ಟು ಕೇಳಿ, ಇಂಥದೇ ಕಪ್ಪೆ ಎಂದು ಹೇಳುತ್ತಾರೆ. ಎಲ್ಲಿ, ಯಾವಾಗ ಕೂಗಿತು ಎಂಬುದು ದಾಖಲಾಗುತ್ತದೆ.

ಇದು ಬರೀ ಆಟವಲ್ಲ ಎಂದು ಗೊತ್ತಾದದ್ದು 2021ರ ಚಳಿಗಾಲದಲ್ಲಿ. ಆಸ್ಟ್ರೇಲಿಯಾದ ಪೂರ್ವಭಾಗದ ಊರುಗಳಲ್ಲಿ ಕಪ್ಪೆಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಕೊರೊನಾ ಕಾಲ, ವಿಜ್ಞಾನಿಗಳು ಮನೆಯಿಂದ ಹೊರಬೀಳುವಂತಿರಲಿಲ್ಲ. ಕಪ್ಪೆ ತಜ್ಞೆ ಜೋಡಿ ರೌಲಿ ಮತ್ತು ಸಂಗಡಿಗರು ಜನರನ್ನೇ ಕೇಳಿಕೊಂಡರು. ಜನ ಸತ್ತ ಕಪ್ಪೆಗಳನ್ನು ಪೊಟ್ಟಣ ಕಟ್ಟಿ ತಮ್ಮ ಫ್ರೀಜರ್‌ಗಳಲ್ಲೇ ಇಟ್ಟುಕೊಂಡರು! ಆಮೇಲೆ ಪರೀಕ್ಷಿಸಿದಾಗ ಬಹಳಷ್ಟು ಕಪ್ಪೆಗಳಲ್ಲಿ ಕಂಡದ್ದು ಕೈಟ್ರಿಡ್ ಎಂಬ ಶಿಲೀಂಧ್ರದ ಸೋಂಕು. ಹಿತ್ತಿಲಿನ ಕಪ್ಪೆಯ ಕೂಗು ನಿಂತಿತೆಂದು ಗಮನಿಸುವ ಕಿವಿಗಳು ಇಲ್ಲದಿದ್ದರೆ ಇದು ಬೆಳಕಿಗೆ ಬರುತ್ತಿದ್ದದ್ದು ಎಂದೋ!

ಮಕ್ಕಳೇ, ನಮ್ಮ ದೇಶದಲ್ಲೂ ‘ಸೀಸನ್‌ವಾಚ್’ ಎಂಬ ಕಾರ್ಯಕ್ರಮವಿದೆ. ಒಂದು ಮರವನ್ನು ಆರಿಸಿಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಹೂ, ಕಾಯಿಗಳನ್ನು ನೋಡಿ ಬರೆದಿಡುವ ಕೆಲಸ. ಶಾಲೆಯ ಮಕ್ಕಳು ಧಾರಾಳವಾಗಿ ಸೇರಬಹುದು. ಅದೂ ಬೇಡವೆಂದರೆ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಮನೆ ಹತ್ತಿರದ ಕೆರೆಯೋ, ತೋಪೋ, ಖಾಲಿ ಸೈಟೋ ಯಾವುದಾದರೂ ಆದೀತು. ತಾರೀಖು ಹಾಕಿ, ಕಂಡದ್ದು ಕೇಳಿದ್ದು ಬರೆಯಿರಿ. ಆದರೆ ಮೊದಲ ಪುಟವನ್ನು ನೀವು ಬರೆಯಬೇಡಿ. ಮನೆಯಲ್ಲಿರುವ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು, ಐವತ್ತು ವರ್ಷದ ಹಿಂದೆ ಅಲ್ಲಿ ಯಾವ ಮರವಿತ್ತು, ಯಾವ ಹಕ್ಕಿ ಬರುತ್ತಿತ್ತು, ನೀರು ಎಲ್ಲಿಯವರೆಗೆ ನಿಲ್ಲುತ್ತಿತ್ತು ಎಂದು ಕೇಳಿ, ಅವರ ಕೈಯಿಂದಲೇ ಆ ಪುಟವನ್ನು ಬರೆಸಿ.